ಮಧ್ಯಾಹ್ನದ ನಂತರದ ಚಿಕ್ಕಿ

14 ಜುಲೈ 2024, ಭಾನುವಾರ
ಮಾಟುಂಗ, ಮುಂಬೈ

ಪದ್ಮಕ್ಕನಿಗೆ ವಿಷಯ ತಿಳಿದುಹೋಗಿದೆ, ನೆದರ್‌ಲ್ಯಾಂಡ್ಸಿಗೆ ಹೋಗುವಾಗ ಚಿಕ್ಕಿ ಬೆಕ್ಕನ್ನೂ ಒಯ್ಯಲು ಹೊರಟಿದ್ದೇನೆಂದು. ಕಾವಲುಗಾರ ಹೇಳಿದನೋ, ಮೂರನೆಯ ಮಹಡಿಯ ಕಾಮತರ ಮನೆಯಿಂದ ಇಳಿದು ಬಂತೋ ಗೊತ್ತಿಲ್ಲ. ಸಂಜೆ ಹಾಲು ತರಲು ಕೆಳಗಿಳಿದಾಗ ತಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಚಿಕ್ಕಿ. ನನ್ನನ್ನು ಕಂಡು ಅದು ಕಣ್ಣು ಕೂಡ ತೆರೆಯಲಿಲ್ಲ. ಬೆಳಿಗ್ಗೆ ನನ್ನ ಕೈಯಿಂದಲೇ ಮೊಟ್ಟೆಯ ಹಳದಿ ತಿಂದುಹೋದ ಪ್ರಾಣಿ!

"ಇವಳ ಕುತ್ತಿಗೆಯ ಹಿಂದೆ ಅಕ್ಕಿಕಾಳಿನಷ್ಟು ಏನೋ ಕೈಗೆ ಸಿಗುತ್ತದೆ. ಏನದು?" ಎಂದರು.

"ಚಿಪ್."

"ಹಾಕಿಸಿದ್ದು ಯಾರು?"

"ನಾನು."

"ಯಾರ ಹೆಸರಿನಲ್ಲಿ?"

ನಾನು ಹಾಲಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದೆ. ಪದ್ಮಕ್ಕನ ಪ್ರಶ್ನೆಗಳು ಯಾವಾಗಲೂ ಹೀಗೆಯೇ, ಉತ್ತರ ಗೊತ್ತಿದ್ದೇ ಕೇಳುವಂಥವು. ನಲವತ್ತು ವರ್ಷ ಗಂಡನ ಹೋಟೆಲಿನ ಗಲ್ಲಾಪೆಟ್ಟಿಗೆಯ ಲೆಕ್ಕ ನೋಡಿದವರು. ಸುಳ್ಳು ಹೇಳಿ ದಕ್ಕಿಸಿಕೊಂಡವರು ಈ ಕಟ್ಟಡದಲ್ಲಿ ಯಾರೂ ಇಲ್ಲ.

ಚಿಪ್ ಎಂದರೆ ಎಲ್ಲಿದ್ದರೂ ಮೊಬೈಲಿನಲ್ಲಿ ಕಾಣಿಸುವ ವಸ್ತು ಎಂದುಕೊಂಡಿದ್ದರು ಅವರು. ಹಾಗಲ್ಲ, ಅದರಲ್ಲಿರುವುದು ಹದಿನೈದು ಅಂಕಿಗಳ ಒಂದು ಸಂಖ್ಯೆ ಮಾತ್ರ, ಯಂತ್ರ ಹಿಡಿದು ಓದಿದರೆ ಸಂಖ್ಯೆ ಬರುತ್ತದೆ, ಅಷ್ಟೇ ಎಂದು ವಿವರಿಸಿದೆ. "ಅಂದರೆ ಆ ದೇಶದಲ್ಲಿ ಇವಳು ತಪ್ಪಿಸಿಕೊಂಡು ಹೋದರೆ ಎಲ್ಲಿದ್ದಾಳೆಂದು ತಿಳಿಯುವುದಿಲ್ಲ. ಮತ್ತೆ ಯಾವ ಚಂದಕ್ಕೆ ಚುಚ್ಚಿಸಿದೆ ಮಾರಾಯ್ತಿ?"

ಯಾವ ಚಂದಕ್ಕೆ ಎಂದು ಹೇಳಲು ಹೊರಟರೆ ರಾತ್ರಿಯಾಗುತ್ತದೆ. ಆದರೂ ಮೆಟ್ಟಿಲಿನ ಮೇಲೆ ಕೂತು ಹೇಳಿದೆ. ಯುರೋಪಿನವರ ಪಾಲಿಗೆ ಭಾರತ ಹುಚ್ಚುನಾಯಿ ರೋಗದ ದೇಶ. ಆದ್ದರಿಂದ ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ. ಕ್ರಮ ತಪ್ಪಿದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ನಮ್ಮ ಇನ್ನೊಂದು ಬೆಕ್ಕು ಗೆಣಸಿಗೆ ಮರಿಯಾಗಿದ್ದಾಗಿನಿಂದ ವರ್ಷ ವರ್ಷ ಹಾಕಿಸಿದ ಲಸಿಕೆಗಳೆಲ್ಲ ಚಿಪ್ ಇಲ್ಲದ ಕಾಲದವು, ಕಾಗದದ ಮೇಲೆ ಸೊನ್ನೆ. ಜೂನ್ 12ರಂದು ಎರಡಕ್ಕೂ ಚಿಪ್ ಹಾಕಿಸಿ, ಅಲ್ಲೇ ಹೊಸದಾಗಿ ಲಸಿಕೆ ಚುಚ್ಚಿಸಿದ್ದಾಯಿತು. ಅದಾಗಿ ಕನಿಷ್ಠ ಮೂವತ್ತು ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ರಕ್ತದಿಂದ ಸೀರಂ ಎಂಬ ತಿಳಿಭಾಗವನ್ನು ಬೇರ್ಪಡಿಸಿ, ಐಸ್ ಇಟ್ಟು, ಯುರೋಪು ಒಪ್ಪಿದ ಪ್ರಯೋಗಾಲಯಕ್ಕೆ ಕೊರಿಯರ್ ಮಾಡಬೇಕು. ಲಸಿಕೆ ಮೈಗೆ ಹಿಡಿದಿದೆ ಎಂಬುದಕ್ಕೆ ಒಂದು ಮಿಲಿಲೀಟರಿಗೆ 0.5 ಅಂತಾರಾಷ್ಟ್ರೀಯ ಯೂನಿಟ್‌ನಷ್ಟಾದರೂ ಪ್ರತಿಕಾಯ ಕಾಣಿಸಬೇಕು. ಕಾಣಿಸಿದ ಮೇಲೂ ಅವಸರವಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ತುಂಬದೆ ಒಳಗೆ ಬಿಡುವುದಿಲ್ಲ. ಕೊನೆಗೆ ಇಲ್ಲಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಸರ್ಕಾರಿ ವೈದ್ಯರ ಮುದ್ರೆ ಬಿದ್ದ ಆರೋಗ್ಯ ಪತ್ರ. ಅದು ಹತ್ತು ದಿನದೊಳಗೆ ಅಲ್ಲಿಗೆ ತಲುಪಿದರಷ್ಟೇ ಊರ್ಜಿತ. ಇದೆಲ್ಲ ಸರಿಯಾಗಿದ್ದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದ ದಿನವೇ ಮನೆಗೆ ಕರೆದೊಯ್ಯಬಹುದು.

ನಾಳೆ ಹನ್ನೊಂದು ಗಂಟೆಗೆ ರಕ್ತ ತೆಗೆಯುವುದಿದೆ. ಅದಕ್ಕಾಗಿಯೇ ಈ ರಾತ್ರಿ ಚಿಕ್ಕಿಯನ್ನು ಮೇಲೆ ನನ್ನ ಮನೆಯೊಳಗೆ ಕೂಡಿಹಾಕಬೇಕಿತ್ತು. ಹಾಲಿನ ನೆಪದಲ್ಲಿ ನಾನು ಕೆಳಗಿಳಿದದ್ದೂ ಅದಕ್ಕೇ.

ಪದ್ಮಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಬಹಳ ಸಮಾಧಾನದಿಂದ, "ಗೆಣಸು ನಿನ್ನದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಸೋಮಾರಿಯನ್ನು ಒಯ್ದರೆ ಇಲ್ಲಿ ಯಾರಿಗೂ ನಷ್ಟವಿಲ್ಲ. ಚಿಕ್ಕಿ ಬೆಳಿಗ್ಗೆ ನಿನ್ನದು, ಒಪ್ಪುತ್ತೇನೆ. ಮಧ್ಯಾಹ್ನದ ನಂತರ ನನ್ನದು. ಅರ್ಧ ಬೆಕ್ಕನ್ನು ಒಯ್ಯಲು ಬರುತ್ತದೆಯೇ, ಕೇಳಿ ನೋಡು" ಎಂದರು.

ನಗು ಬಂತು, ನಗಲಿಲ್ಲ. ಏಕೆಂದರೆ ಅವರು ಹೇಳಿದ್ದು ನಿಜ. ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಬಂದು, ತಿಂದು, ಕಿಟಕಿಯ ಕಟ್ಟೆಯ ಮೇಲೆ ಮೈ ನೆಕ್ಕಿಕೊಂಡು, ನಾನು ಕಚೇರಿಗೆ ಹೊರಡುವಾಗ ನನ್ನ ಜೊತೆಯೇ ಮೆಟ್ಟಿಲಿಳಿಯುತ್ತದೆ. ಆಮೇಲೆ ಅದರ ದಿನ ಪದ್ಮಕ್ಕನ ಮನೆಯದು. ಈಗ ಮೀನುಗಾರಿಕೆಗೆ ನಿಷೇಧ, ಜುಲೈ 31ರ ತನಕ ದೊಡ್ಡ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮಾರುಕಟ್ಟೆಯಲ್ಲಿ ಸಿಗುವ ಚೂರುಪಾರು ಮೀನಿಗೆ ಬೆಂಕಿಯಂಥ ಬೆಲೆ. ಅಂಥದರಲ್ಲೂ ಪದ್ಮಕ್ಕ ಒಣಮೀನನ್ನು ನೆನೆಸಿ, ಉಪ್ಪು ಹೋಗುವ ತನಕ ತೊಳೆದು, ಬೇಯಿಸಿ, ಮುಳ್ಳು ಬಿಡಿಸಿ ಅದಕ್ಕೆ ಇಡುತ್ತಾರೆ. ಸೋಮವಾರ ತಾವು ಮೀನು ಮುಟ್ಟದಿದ್ದರೂ ಅದಕ್ಕೆ ತಪ್ಪಿಸುವುದಿಲ್ಲ, ಕೆಲಸದವಳ ಕೈಯಿಂದ ಹಾಕಿಸುತ್ತಾರೆ. ನಾನು ಒಂದು ಮೊಟ್ಟೆ ಒಡೆದು ಹಾಕಿ ಒಡತಿಯಾಗಿದ್ದೇನೆ.

ಆದರೆ ಚಿಕ್ಕಿ ಮೊದಲ ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಪರೇಲಿನ ಬಾಯಿ ಸಾಕರಬಾಯಿ ಪ್ರಾಣಿಗಳ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಒಯ್ದವಳು ನಾನು. ಸಂತಾನಹರಣ ಮಾಡಿಸಿದವಳೂ ನಾನು. ಇದನ್ನು ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆನೇನೋ.

"ಟ್ಯಾಕ್ಸಿಯಲ್ಲಿ ಅವಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು ಯಾರು?" ಎಂದರು ಪದ್ಮಕ್ಕ.

ಅವರೇ. ನಾನು ಮುಂದಿನ ಸೀಟಿನಲ್ಲಿದ್ದೆ.

ಅಲ್ಲಿನ ನಮೂನೆಯಲ್ಲಿ ಮಾಲೀಕರ ಹೆಸರಿಗೆ ಇರುವುದು ಒಂದೇ ಅಂಕಣ. ಮಾಲೀಕರ ಪರವಾಗಿ ಬೇರೆಯವರು ಒಯ್ಯುವುದಾದರೆ ಅದಕ್ಕೂ ಅವಕಾಶವಿದೆ, ಅಧಿಕಾರ ಪತ್ರ ಬೇಕು. ಪ್ರಾಣಿಯೂ ಮಾಲೀಕರೂ ಐದು ದಿನಗಳ ಅಂತರದೊಳಗೆ ಪ್ರಯಾಣ ಮಾಡಿರಬೇಕು, ಇಲ್ಲವಾದರೆ ಅದು ವ್ಯಾಪಾರದ ಸರಕಿನ ನಿಯಮಗಳಿಗೆ ಒಳಪಡುತ್ತದೆ. ಬೆಳಿಗ್ಗೆ ಒಬ್ಬರ, ಮಧ್ಯಾಹ್ನ ಇನ್ನೊಬ್ಬರ ಬೆಕ್ಕಿಗೆ ನಮೂನೆ ಯಾವ ದೇಶದಲ್ಲೂ ಇರಲಾರದು.

ಕೆನಡಾಕ್ಕೆ ಹೋಗುವುದಾಗಿದ್ದರೆ ಇಷ್ಟೆಲ್ಲ ಇರಲಿಲ್ಲ. ಅತ್ತಿಗೆ ಮೊನ್ನೆ ಫೋನಿನಲ್ಲಿ ಅದನ್ನೇ ಹಾಡಿದರು. ಅಲ್ಲಿಗೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಸಾಕು, ರಕ್ತಪರೀಕ್ಷೆಯಿಲ್ಲ, ಕ್ವಾರಂಟೈನ್ ಇಲ್ಲ. ಆಸ್ಟ್ರೇಲಿಯಾ ಇದರ ತದ್ವಿರುದ್ಧ. ಭಾರತದಿಂದ ಬೆಕ್ಕನ್ನು ನೇರವಾಗಿ ಒಯ್ಯುವಂತೆಯೇ ಇಲ್ಲ. ಅವರು ಒಪ್ಪಿದ ಇನ್ನೊಂದು ದೇಶದಲ್ಲಿ ಇರಿಸಿ, ಅಲ್ಲಿ ಕಾಗದಪತ್ರ ಮಾಡಿಸಿ, ಮತ್ತೆ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರ ದಾಟಬೇಕು. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ಬೆಕ್ಕು ಸರಕಾಗಿಯೇ ಬರಬೇಕು, ಸೀಟಿನ ಕೆಳಗೆ ಇಟ್ಟುಕೊಂಡು ಬರುವಂತಿಲ್ಲ. ಇನ್ನು ದುಬೈಯ ಎಮಿರೇಟ್ಸ್ ವಿಮಾನದ ಕ್ಯಾಬಿನ್ನಿನೊಳಗೆ ಬೆಕ್ಕಿಗೆ ಪ್ರವೇಶವಿಲ್ಲ, ಆದರೆ ಪಾಕಿಸ್ತಾನದ ಕೆಲವು ಊರುಗಳಿಗೆ ಹೋಗುವಾಗ ಗಿಡುಗಕ್ಕೆ ಇದೆ! ಬೇಟೆಗಿಡುಗದ ಮಾಲೀಕರಿಗೆ ಇರುವ ಪ್ರಭಾವ ನಮಗೆಲ್ಲಿದೆ.

ಗೆಣಸಿನ ತೂಕದ ಯೋಚನೆ ಬೇರೆ. ಕ್ಯಾಬಿನ್ನಿಗೆ ಬಿಡುವ ವಿಮಾನಗಳಲ್ಲಿ ಸಾಮಾನ್ಯವಾಗಿ ಚೀಲವೂ ಸೇರಿ ಎಂಟು ಕಿಲೋ ಮಿತಿ. ಗೆಣಸು ಆ ಗಡಿಯ ಮೇಲೆ ಕೂತಿದೆ. ಅದರ ಅನ್ನ ಕಡಿಮೆ ಮಾಡಿದ್ದೇನೆ. ಅದು ನನ್ನನ್ನು ನೋಡುವ ರೀತಿ ನೋಡಲಾಗುವುದಿಲ್ಲ.

ಒಬ್ಬರಿಗೆ ಕ್ಯಾಬಿನ್ನಿನಲ್ಲಿ ಒಂದೇ ಬೆಕ್ಕು. ಇವರು, ನನ್ನ ಗಂಡ, ಏಪ್ರಿಲಿನಲ್ಲೇ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ನಿಗೆ ಹೋಗಿ ಕೂತಿರುವುದರಿಂದ ಇಲ್ಲಿಂದ ಹೊರಡುವವಳು ನಾನೊಬ್ಬಳೇ. ಅಂದರೆ ಎರಡರಲ್ಲಿ ಒಂದು ಕೆಳಗೆ ಹೋಗಬೇಕು, ಹೊಟ್ಟೆಯ ಭಾಗಕ್ಕೆ. ಅಲ್ಲಿಯೂ ಗಾಳಿಯ ಒತ್ತಡ, ಶಾಖ ಎಲ್ಲ ನೋಡಿಕೊಳ್ಳುತ್ತಾರಂತೆ. ನಿದ್ದೆ ಬರಿಸುವ ಔಷಧ ಕೊಡಲೇ ಎಂದು ವೈದ್ಯರನ್ನು ಕೇಳಿದ್ದಕ್ಕೆ ಬೇಡವೇ ಬೇಡ ಎಂದರು. ಎತ್ತರದಲ್ಲಿ ಉಸಿರು, ರಕ್ತದೊತ್ತಡ ಕುಸಿದರೆ ನೋಡುವವರು ಯಾರು. ಅದರ ಬದಲು ಪೆಟ್ಟಿಗೆಯನ್ನು ಈಗಿನಿಂದಲೇ ಮನೆಯಲ್ಲಿಟ್ಟು ಊಟವನ್ನು ಅದರೊಳಗೇ ಹಾಕಿ ಎಂದರು. ಗೆಣಸು ಅದರಲ್ಲೇ ಮಲಗುತ್ತದೆ ಈಗ. ಚಿಕ್ಕಿ ಪೆಟ್ಟಿಗೆಯೊಳಕ್ಕೆ ಒಂದು ಕಾಲನ್ನೂ ಇಟ್ಟಿಲ್ಲ.

"ಒಂದನ್ನೇ ತಂದರೆ ಸಾಲದೇ" ಎನ್ನುತ್ತಾರೆ ಇವರು. ಅವರಿಗೆ ಉತ್ತರ ಕೊಟ್ಟಿಲ್ಲ.

ಪದ್ಮಕ್ಕನ ಮಾತು ಎಲ್ಲಿಗೆ ಬಿಟ್ಟೆ. ಹೌದು, ಟ್ಯಾಕ್ಸಿ. ಅದಾದ ಮೇಲೆ ಅವರು ಊರಿನ ಕಥೆಗೆ ಹೋದರು. ಉಡುಪಿಯ ಕಡೆ ಅವರ ತವರಿನಲ್ಲಿ ಕಳ್ಳಬೆಕ್ಕೊಂದನ್ನು ಗೋಣಿಚೀಲದಲ್ಲಿ ಕಟ್ಟಿ, ದೋಣಿಯಲ್ಲಿ ಹೊಳೆ ದಾಟಿಸಿ ಬಿಟ್ಟು ಬಂದಿದ್ದರಂತೆ. ವಾರ ಕಳೆಯುವುದರೊಳಗೆ ಒಲೆಯ ಬೂದಿಯಲ್ಲಿ ಮಲಗಿತ್ತಂತೆ. ಇದನ್ನು ನಮ್ಮ ಧಾರವಾಡದ ಅಜ್ಜಿಯೂ ಹೇಳುತ್ತಿದ್ದಳು, ಅಲ್ಲಿ ಹೊಳೆಯ ಜಾಗದಲ್ಲಿ ಕೆರೆ. "ಬೆಕ್ಕಿಗೆ ಮನೆ ಮುಖ್ಯ, ಮನುಷ್ಯರಲ್ಲ. ನೀನು ಹೋಗು, ಅವಳ ಮನೆ ಇಲ್ಲೇ ಇರುತ್ತದೆ" ಎಂದರು.

ನನಗೆ ಸಿಟ್ಟು ಬಂದದ್ದು ಆಗ. "ಯಾವ ಮನೆ ಪದ್ಮಕ್ಕ? ದಸರಾ ಕಳೆದರೆ ಕಟ್ಟಡ ಖಾಲಿ ಮಾಡಬೇಕಲ್ಲ. ಬಿಲ್ಡರನ ಕಾಗದಕ್ಕೆ ಸಹಿ ಹಾಕಿದವರಲ್ಲಿ ನೀವೇ ಮೊದಲಿಗರು."

ಅರ್ಧಕ್ಕಿಂತ ಹೆಚ್ಚು ಜನರ ಒಪ್ಪಿಗೆ ಸಿಕ್ಕರೆ ಸಾಕು, ಪುನರ್ನಿರ್ಮಾಣ ನಡೆದೇ ತೀರುತ್ತದೆ. ಸಿಕ್ಕಾಯಿತು. ಎಲ್ಲರೂ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಕಾಮತರು ಡೊಂಬಿವಲಿಗೆ ಹೊರಟಿದ್ದಾರೆ. ಇಲ್ಲಿ ಉಳಿಯುವುದು ಕೆಡವುವ ಯಂತ್ರ.

ಪದ್ಮಕ್ಕ ಚಿಕ್ಕಿಯ ಕಿವಿಯ ಹಿಂದೆ ಉಜ್ಜುತ್ತಾ ಇದ್ದರು. "ವಿರಾರಿಗೆ ಹೋಗುತ್ತಿದ್ದೇನೆ, ಮಗನ ಮನೆಗೆ" ಎಂದರು. ಅದು ಗೊತ್ತಿತ್ತು. "ಸೊಸೆಗೆ ಉಬ್ಬಸ. ಬೆಕ್ಕಿನ ಕೂದಲು ಆಗುವುದಿಲ್ಲ." ಅದು ಗೊತ್ತಿರಲಿಲ್ಲ.

"ಹಾಗಾದರೆ?"

"ಹಾಗಾದರೆ ಏನು. ನೋಡುವ. ಬಾಲ್ಕನಿ ಇದೆ."

ಹದಿನಾಲ್ಕನೆಯ ಮಹಡಿಯ ಬಾಲ್ಕನಿ. ಮೊದಲ ಮಹಡಿಯಿಂದಲೇ ಬಿದ್ದ ಬೆಕ್ಕು. ನಾನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೂ ಹೊಳೆದಿರಬೇಕು. ಸ್ವಲ್ಪ ಹೊತ್ತು ಇಬ್ಬರೂ ಮಳೆಯ ಕಡೆ ನೋಡಿದೆವು.

ಆಮೇಲೆ ಇದ್ದಕ್ಕಿದ್ದ ಹಾಗೆ, "ಅಲ್ಲಿ ಮೀನು ಸಿಗುತ್ತದೆಯೋ?" ಎಂದು ಕೇಳಿದರು. ಹೆರಿಂಗ್ ಎಂಬ ಮೀನಿದೆ, ಕಂಡರೆ ನಮ್ಮ ಭೂತಾಯಿ ಮೀನಿನ ಹಾಗೆಯೇ, ಡಚ್ಚರಿಗೆ ಅದೆಂದರೆ ಪ್ರಾಣ, ಜೂನ್ ತಿಂಗಳಲ್ಲಿ ಹೊಸ ಮೀನು ಬಂದಾಗ ಹಬ್ಬವನ್ನೇ ಮಾಡುತ್ತಾರೆ, ಉಪ್ಪಿನಲ್ಲಿಟ್ಟದ್ದನ್ನು ಬೇಯಿಸದೆ ಹಾಗೆಯೇ ಈರುಳ್ಳಿಯ ಜೊತೆ ತಿನ್ನುತ್ತಾರೆ ಎಂದೆ.

"ಬೇಯಿಸದೆಯೋ!" ಪದ್ಮಕ್ಕನ ಮುಖ ನೋಡಬೇಕಿತ್ತು. "ಇವಳಿಗೆ ಹಸಿಮೀನು ಹಾಕಬೇಡ. ಉಪ್ಪಿನದಂತೂ ಬೇಡವೇ ಬೇಡ. ವಾಂತಿ ಮಾಡುತ್ತಾಳೆ."

ಹಾಕಬೇಡ ಎಂದರು. ಹಾಗೆಂದರೆ ಒಯ್ಯಲು ಒಪ್ಪಿದ ಹಾಗೆ ಆಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಎದ್ದು, ಚಿಕ್ಕಿಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ನಡೆದು ಬಾಗಿಲು ಹಾಕಿಕೊಂಡರು. ಮೆಟ್ಟಿಲಿನ ಮೇಲೆ ನಾನು, ನನ್ನ ಹಾಲು.

ಈಗ ಹನ್ನೊಂದೂವರೆ. ಗೆಣಸು ಪೆಟ್ಟಿಗೆಯೊಳಗೆ ಗೊರಕೆ ಹೊಡೆಯುತ್ತಿದೆ. ಅಕ್ಟೋಬರ್ 18ರ ಟಿಕೆಟ್ ಕೈಯಲ್ಲಿದೆ. ನಾಳೆ ರಕ್ತ ತೆಗೆದರೆ ಅಕ್ಟೋಬರ್ 15ಕ್ಕೆ ಮೂರು ತಿಂಗಳು ತುಂಬುತ್ತದೆ, ಮೂರೇ ದಿನದ ಸಡಿಲು. ವಾರ ತಡವಾದರೂ ಚಿಕ್ಕಿ ಈ ಲೆಕ್ಕದಿಂದ ಹೊರಗೆ. ಟಿಕೆಟ್ ಮುಂದೂಡಬಹುದು, ದಂಡ ಕಟ್ಟಿದರಾಯಿತು. ಇವರಿಗೆ ಏನೆಂದು ಹೇಳುವುದು. ಅರ್ಧ ಬೆಕ್ಕಿಗಾಗಿ ಕಾಯುತ್ತಿದ್ದೇನೆ ಎಂದೇ?

ಬೆಳಿಗ್ಗೆ ಏಳಕ್ಕೆ ಅದು ಮೇಲೆ ಬರುತ್ತದೆ, ಬರದೆ ಇರುವುದಿಲ್ಲ. ಆಗ ಬಾಗಿಲು ಹಾಕಿಬಿಡಬಹುದು. ಬೆಳಿಗ್ಗೆ ನನ್ನದು ಎಂದು ಅವರೇ ಒಪ್ಪಿದ್ದಾರಲ್ಲ. ಆದರೆ ಕ್ಲಿನಿಕ್ಕಿನಲ್ಲಿ ಅದನ್ನು ಹಿಡಿಯುವವರು ಯಾರು. ಲಸಿಕೆಯ ದಿನ ಸಹಾಯಕ ಹುಡುಗನ ಕೈ ಗೀರಿ ರಕ್ತ ಬರಿಸಿತು, ನನ್ನ ಕೈಗೂ ನಿಲ್ಲಲಿಲ್ಲ. ಪದ್ಮಕ್ಕನ ಮಡಿಲಲ್ಲಾದರೆ ಕಾಲು ಚಾಚಿ ಕೊಟ್ಟೀತು. ಏಳಕ್ಕೆ ಮುಂಚೆಯೇ ಕೆಳಗೆ ಹೋಗಿ ಬನ್ನಿ ಎಂದು ಕರೆದರೆ? ಬಂದರೆ ಅಲ್ಲಿ ರಕ್ತದ ಬಾಟಲಿಯ ಚೀಟಿಯ ಮೇಲೆ ಮಾಲೀಕರ ಹೆಸರು ಕೇಳುತ್ತಾರೆ, ಚಿಪ್ಪಿನದ್ದೂ ಅದೂ ತಾಳೆಯಾಗಬೇಕು, ನನ್ನ ಹೆಸರನ್ನೇ ಹೇಳಬೇಕು, ಅವರ ಎದುರಿಗೇ. ಬೇಕಿದ್ದರೆ ಅವರ ಹೆಸರಿಗೆ ಮಾಡಿಸಿ ಅಧಿಕಾರ ಪತ್ರ ಬರೆಸಿಕೊಳ್ಳಬಹುದಿತ್ತು, ಆದರೆ ಹಾಗೆ ಮಾಡಿದರೆ ಮಾಲೀಕರೂ ಐದು ದಿನದೊಳಗೆ ಅಲ್ಲಿಗೆ ಬರಬೇಕು, ಪದ್ಮಕ್ಕನ ಬಳಿ ಪಾಸ್‌ಪೋರ್ಟ್ ಇದೆಯೋ ಇಲ್ಲವೋ, ಎಪ್ಪತ್ತೆರಡರ ವಯಸ್ಸಿನಲ್ಲಿ ಅಷ್ಟು ಚಳಿಗೆ