ಒಂದು ಒತ್ತಕ್ಷರ

ಸಂಜೆ ಕಾಸರಗೋಡಿನ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಮಗಳು ಕಾಪಿ ಪುಸ್ತಕ ತೆರೆದು ಕೂತಿದ್ದಳು. 'ಒಳ್ಳೆಮೆಣಸು' (ಕರಿಮೆಣಸು) ಅನ್ನೋದನ್ನು 'ಒಳೆಮೆಣಸು' ಅಂತ ಬರೆದಿದ್ದಳು. ಪಕ್ಕದಲ್ಲಿದ್ದ ಅಜ್ಜ ಕಿಸೆಯಿಂದ ಪೆನ್ನು ತೆಗೆದರು. ಕೈ ನಡುಗುತ್ತಿತ್ತು. ಆದರೂ 'ಳೆ'ಯ ಕೆಳಗೆ ಒತ್ತು ಎಷ್ಟು ದುಂಡಗೆ ಹಾಕಿದರು!

"ಒತ್ತು ಮರೀಬಾರದು ಮಗಾ. ನಾನು ಕಯ್ಯಾರ ಮಾಷ್ಟ್ರ ಹತ್ರ ಕಲ್ತವ" ಅಂದರು. ಪೆರಡಾಲದ ನವಜೀವನ ಶಾಲೆಯಲ್ಲಂತೆ.

ಆಮೇಲೆ ನನಗೆ ಅದೇ ಯೋಚನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಇದು ಕರ್ನಾಟಕಕ್ಕೆ ಸೇರಬೇಕು ಅಂತ ಅಜ್ಜನ ಆ ಮಾಷ್ಟ್ರು, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹೋರಾಡಿದರು. 1967ರಲ್ಲಿ ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗವೂ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು. ಆಗಲಿಲ್ಲ. 2015ರಲ್ಲಿ, ನೂರು ತುಂಬಿದ ಮೇಲೆ, ಅವರು ಹೋದರು. ಗಡಿ ಇದ್ದಲ್ಲೇ ಇತ್ತು.

ಗೆದ್ದವರನ್ನು ಮಾತ್ರ ನಾಯಕರು ಅಂತ ಎಣಿಸುತ್ತೇವೆ, ಅಲ್ವಾ? ನನಗದು ಒಪ್ಪಿಗೆಯಿಲ್ಲ. ಕನ್ನಡ ಉಳಿಯಬೇಕು ಅಂತ ಭಾಷಣ ಮಾಡಿದವರು ಜಾಸ್ತಿ ಇರಬಹುದು. ಇವರು ಹೋರಾಟವನ್ನೂ ಮಾಡಿದರು, ದಿನಾ ಬೆಳಿಗ್ಗೆ ಕ್ಲಾಸಿಗೂ ಹೋದರು. ನಮ್ಮ ಮನೆಗೆ ಕನ್ನಡ ಹೀಗೆ ಬಂದಿದೆ, ಯಾರದೋ ಮಾಷ್ಟ್ರ ಕೈಯಿಂದ.

ಅಜ್ಜನ ಹೆಸರು ಕೇಳುವಷ್ಟರಲ್ಲಿ ಅವರ ಬಸ್ಸು ಬಂತು. ಮಗಳು ಆ ಪುಟ ಹರಿಯಬಾರದು ಅಂತ ಮಡಚಿಟ್ಟಿದ್ದಾಳೆ.