ಕೂವೆಕಂಬದ ತುದಿಯ ದೀಪ

ಲಂಗರು ಹಾಕಿ ಮಲಗಿದ್ದ ಒಂದು ರಾತ್ರಿ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಎಚ್ಚರವಾಗಿ, ಲಂಗರು ಹಿಡಿದಲ್ಲೇ ಇದೆಯೋ ಜಾರುತ್ತಿದೆಯೋ ನೋಡೋಣವೆಂದು ಡೆಕ್ಕಿಗೆ ಬಂದೆ. ಕೂವೆಕಂಬದ ತುದಿಯಲ್ಲಿ ಬೆಳ್ಳಗೆ ಉರಿಯಬೇಕಾಗಿದ್ದ ದೀಪ ಎಣ್ಣೆ ತೀರುತ್ತ ಬಂದ ಹಣತೆಯ ಹಾಗೆ ಹಳದಿಗಟ್ಟಿ ಮಂಕಾಗಿತ್ತು. ಕೆಳಗಿಳಿದು ಮೀಟರ್ ನೋಡಿದರೆ ಬ್ಯಾಟರಿ 11.2 ವೋಲ್ಟ್‌ಗೆ ಬಂದು ನಿಂತಿತ್ತು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆಯೇ ಇದ್ದುದರಿಂದ ಪಾರಾದೆ. ಎಂಜಿನ್ ಓಡಿಸಿ, ಸುತ್ತಲಿನ ದೋಣಿಗಳವರ ನಿದ್ದೆಯನ್ನೂ ಕೆಡಿಸಿ, ಬೆಳಕು ಹರಿಯುವವರೆಗೆ ಚಾರ್ಜ್ ಮಾಡುತ್ತ ಕುಳಿತೆ. ಹಾಯಿದೋಣಿಯ ದೀಪಗಳನ್ನೆಲ್ಲ ಎಲ್ಇಡಿಗೆ ಬದಲಿಸಬೇಕೆಂದು ನಿಶ್ಚಯಿಸಿದ್ದು ಆಗಲೇ. ಅದು ಒಂದು ದಿನದ ಕೆಲಸವೆಂದುಕೊಂಡಿದ್ದೆ. ಮುಗಿಯುವಷ್ಟರಲ್ಲಿ ಒಂದು ಋತುವೇ ಕಳೆದಿತ್ತು.

ಮರುದಿನ ಕಾಗದ ಹಿಡಿದು ಲೆಕ್ಕಕ್ಕೆ ಕುಳಿತೆ. ದೋಣಿಯದು 12 ವೋಲ್ಟ್ ವ್ಯವಸ್ಥೆ. ದೀಪಗಳಿಗೂ ಉಪಕರಣಗಳಿಗೂ ಸೇರಿ ಇರುವುದು 100 ಆಂಪಿಯರ್-ಗಂಟೆಯ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ) ಒಂದೇ ಲೆಡ್-ಆಸಿಡ್ ಬ್ಯಾಟರಿ. ಈ ಜಾತಿಯ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಆಯಸ್ಸು ಬೇಗ ಮುಗಿಯುವುದರಿಂದ, ನೆಮ್ಮದಿಯಿಂದ ಬಳಸಬಹುದಾದದ್ದು 50 ಆಂಪಿಯರ್-ಗಂಟೆ ಮಾತ್ರ. ಲಂಗರಿನ ದೀಪದ 10 ವ್ಯಾಟ್ ಬಲ್ಬ್ 12 ಗಂಟೆ ಉರಿದರೆ ಅದರಲ್ಲಿ 10 ಹೋಯಿತು. ಕ್ಯಾಬಿನ್ನಿನ ನಾಲ್ಕು 10 ವ್ಯಾಟ್ ಹ್ಯಾಲೊಜನ್ ದೀಪಗಳು ಅಡುಗೆ, ಊಟ, ಓದು ಎಂದು ನಾಲ್ಕು ಗಂಟೆ ಉರಿದರೆ ಇನ್ನೊಂದು 13. ಲಂಗರು ಹಾಕದೆ ರಾತ್ರಿಯಿಡೀ ಹಾಯಿಯಲ್ಲೇ ಸಾಗುವುದಾದರೆ ಕಂಬದ ತುದಿಯಲ್ಲಿ ಕೆಂಪು, ಹಸಿರು, ಬಿಳಿ ಮೂರನ್ನೂ ತೋರುವ ತ್ರಿವರ್ಣ ಲಾಟೀನಿನ 25 ವ್ಯಾಟ್ ಬಲ್ಬ್ ಒಂದೇ 10 ಗಂಟೆಯಲ್ಲಿ 21 ಆಂಪಿಯರ್-ಗಂಟೆಯನ್ನು ನುಂಗುತ್ತದೆ. ಫ್ರಿಜ್, ರೇಡಿಯೊ, ಜಿಪಿಎಸ್, ಆಳಮಾಪಕ, ಚುಕ್ಕಾಣಿ ಹಿಡಿಯುವ ಯಂತ್ರ ಎಲ್ಲವೂ ಉಳಿದದ್ದರಲ್ಲಿ ಬದುಕಬೇಕು. ಇದೇ ಲಂಗರಿನ ದೀಪ ಎಲ್ಇಡಿಯಾದರೆ 2 ವ್ಯಾಟ್ ಸಾಕು, ಅಂದರೆ ರಾತ್ರಿಗೆ 2 ಆಂಪಿಯರ್-ಗಂಟೆ. ತ್ರಿವರ್ಣ ಲಾಟೀನಿಗೆ 3 ವ್ಯಾಟ್ ಆಸುಪಾಸು, ಅಂದರೆ 10 ಗಂಟೆಗೆ ಎರಡೂವರೆ.

ಒಳಗಿನ ತಂತು ಕಾದು ಬೆಳಗುವ ಹಳೆಯ ಮಾದರಿಯ ಬಲ್ಬಿಗೆ ಕೊಟ್ಟ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಶಾಖವಾಗಿ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ದೋಣಿಯಲ್ಲಿ ಅದರ ಜೊತೆಗೆ ಇನ್ನೊಂದು ನಷ್ಟವಿದೆ. ಬ್ಯಾಟರಿಯಿಂದ ಕಂಬದ ತುದಿಗೆ ಹೋಗಿ ಬರುವ ತಂತಿ ಬಹಳ ಉದ್ದ. 2 ಆಂಪಿಯರ್ ಹರಿಯುವಾಗ ಆ ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ. ತಂತುವಿನ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಶೇ 30ರಷ್ಟು ಕಡಿಮೆಯಾಗುತ್ತದೆ. ನಾನು ಆ ರಾತ್ರಿ ಕಂಡ ಮಂಕು ಬೆಳಕಿಗೆ ಇಳಿದ ಬ್ಯಾಟರಿ ಎಷ್ಟು ಕಾರಣವೋ ಹಳೆಯ ತಂತಿಯೂ ಅಷ್ಟೇ ಕಾರಣವಾಗಿತ್ತು. ಒಳ್ಳೆಯ ಎಲ್ಇಡಿ ದೀಪದಲ್ಲಿ ಡ್ರೈವರ್ ಎಂಬ ಪುಟ್ಟ ವಿದ್ಯುನ್ಮಂಡಲವಿದ್ದು, ವೋಲ್ಟೇಜ್ ಏರಲಿ ಇಳಿಯಲಿ, ಎಲ್ಇಡಿಗೆ ಹೋಗುವ ಕರೆಂಟನ್ನು ಒಂದೇ ಸಮನಾಗಿಡುತ್ತದೆ.

ಈ ಡ್ರೈವರ್ ಇಲ್ಲದ ಬಲ್ಬುಗಳೂ ಧಾರಾಳವಾಗಿ ಸಿಗುತ್ತವೆ, ಮತ್ತು ನಾನು ಮೊದಲು ಕೊಂಡದ್ದು ಅವನ್ನೇ. 12 ವೋಲ್ಟ್ ಎಂದು ಹೆಸರಿದ್ದರೂ ದೋಣಿಯ ವ್ಯವಸ್ಥೆ 12ರಲ್ಲಿ ನಿಲ್ಲುವುದಿಲ್ಲ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು 14.4ರವರೆಗೆ ಏರಿಸುತ್ತದೆ. ಬರೀ ರೆಸಿಸ್ಟರ್ ನಂಬಿಕೊಂಡ ಆ ಬಲ್ಬುಗಳು ಚಾರ್ಜ್ ಆಗುವಾಗಲೆಲ್ಲ ಕಣ್ಣು ಕುಕ್ಕುವಷ್ಟು ಬೆಳಗಿ, ಮೂರು ತಿಂಗಳೊಳಗೆ ಒಂದೊಂದಾಗಿ ಮಿಣುಕಲಾರಂಭಿಸಿದವು. ಬಲ್ಬಿನ ಮೇಲೆ 10ರಿಂದ 30 ವೋಲ್ಟ್ ಎಂದು ವ್ಯಾಪ್ತಿ ಬರೆದಿದ್ದರೆ ಒಳಗೆ ಡ್ರೈವರ್ ಇದೆ ಎಂದು ಸಾಮಾನ್ಯವಾಗಿ ನಂಬಬಹುದು. ಕ್ಯಾಬಿನ್ನಿನ ಮಟ್ಟಿಗೆ ಇದೊಂದನ್ನು ನೋಡಿಕೊಂಡು, 2700ರಿಂದ 3000 ಕೆಲ್ವಿನ್ನಿನ ಬೆಚ್ಚಗಿನ ಬಣ್ಣವನ್ನು ಆರಿಸಿಕೊಂಡರೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಕ್ಷೆಯ ಮೇಜಿನ ಮೇಲೆ ಮಾತ್ರ ಮಂದವಾದ ಕೆಂಪು ದೀಪವೊಂದನ್ನು ಬೇರೆಯಾಗಿ ಹಾಕಿಸಿಕೊಂಡಿದ್ದೇನೆ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಒಂದು ಕ್ಷಣದ ಬಿಳಿ ಬೆಳಕು ಅದನ್ನು ಅಳಿಸಿಬಿಡುತ್ತದೆ. ಕತ್ತಲಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಗಾಢ ಕೆಂಪು ಹೆಚ್ಚಾಗಿ ತಾಗದಿರುವುದರಿಂದ ಈ ಉಪಾಯ ನಡೆಯುತ್ತದೆ. ಆದರೆ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದದ್ದೆಲ್ಲ ಈ ಬೆಳಕಿನಲ್ಲಿ ಕಾಣದೆ ಹೋಗುತ್ತದೆ.

ನಿಜವಾದ ವಿಷಯ ಇರುವುದು ಹೊರಗಿನ ದೀಪಗಳಲ್ಲಿ. ಒಳಗಿನ ದೀಪ ನನಗೆ ಕಾಣಲೆಂದು ಇರುವುದು. ಹೊರಗಿನ ದೀಪ ನಾನು ಇನ್ನೊಬ್ಬರಿಗೆ ಕಾಣಲೆಂದು ಇರುವುದು, ಮತ್ತು ಆ ಇನ್ನೊಬ್ಬರು ನನ್ನ ದೀಪದ ಬಣ್ಣವನ್ನು ನೋಡಿಯೇ ನಾನು ಯಾವ ಕಡೆಗೆ ಹೋಗುತ್ತಿದ್ದೇನೆಂದು ತಿಳಿಯುತ್ತಾರೆ. 1972ರಲ್ಲಿ ರೂಪುಗೊಂಡು 1977ರಲ್ಲಿ ಜಾರಿಗೆ ಬಂದ, ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಎಡಬದಿಯ ಕೆಂಪು ದೀಪವೂ ಬಲಬದಿಯ ಹಸಿರು ದೀಪವೂ ನೇರ ಮುಂದಿನಿಂದ ತಮ್ಮ ತಮ್ಮ ಬದಿಗೆ 112.5 ಡಿಗ್ರಿಯಷ್ಟು ಕಾಣಬೇಕು, ಹಿಂಬದಿಯ ಬಿಳಿ ದೀಪ ಉಳಿದ 135 ಡಿಗ್ರಿಯನ್ನು ತುಂಬಬೇಕು. 12 ಮೀಟರಿಗಿಂತ ಚಿಕ್ಕ ದೋಣಿಯಾದರೆ ಬದಿಯ ದೀಪಗಳು ಕನಿಷ್ಠ ಒಂದು ನಾಟಿಕಲ್ ಮೈಲಿಗೆ, ಹಿಂಬದಿಯ ದೀಪವೂ ಲಂಗರಿನ ದೀಪವೂ ಎರಡು ಮೈಲಿಗೆ ಕಾಣಬೇಕು. ಹಾಯಿದೋಣಿ 20 ಮೀಟರಿಗಿಂತ ಚಿಕ್ಕದಿದ್ದರೆ ಕೆಂಪು, ಹಸಿರು, ಹಿಂಬದಿಯ ಬಿಳಿ ಮೂರನ್ನೂ ಒಂದೇ ಲಾಟೀನಿನಲ್ಲಿ ಸೇರಿಸಿ ಕಂಬದ ತುದಿಗೆ ಏರಿಸಬಹುದು. ಎಂಜಿನ್ ಹಾಕಿದ ಕೂಡಲೇ ಮಾತ್ರ ಅದನ್ನು ಆರಿಸಿ ಕೆಳಗಿನ ದೀಪಗಳಿಗೆ ಬರಬೇಕು.

ದೋಣಿಯ ಮೂತಿಯ ಮೇಲಿರುವ ಕೆಂಪು-ಹಸಿರು ಲಾಟೀನು ಕೈಗೆಟಕುವಂತಿದ್ದುದರಿಂದ ಅಲ್ಲಿಂದಲೇ ಮೊದಲು ಮಾಡಿದೆ. ಹಳೆಯ ಬಲ್ಬನ್ನು ತಿರುಗಿಸಿ ತೆಗೆದು, ಅದೇ ಹೋಲ್ಡರಿಗೆ ಕೂರುವ, ಜೋಳದ ತೆನೆಯ ಹಾಗೆ ಸುತ್ತಲೂ ಎಲ್ಇಡಿ ಪೋಣಿಸಿದ ಬಿಳಿ ಬಲ್ಬೊಂದನ್ನು ಕೂರಿಸಿದೆ. ಹತ್ತಿರದಿಂದ ನೋಡಿದರೆ ಮೊದಲಿಗಿಂತ ಪ್ರಕಾಶಮಾನವಾಗಿತ್ತು. ಆದರೂ ಸಮಾಧಾನವಾಗದೆ, ಕತ್ತಲಾದ ಮೇಲೆ ಸ್ನೇಹಿತರೊಬ್ಬರನ್ನು ದೋಣಿಯಲ್ಲಿ ಬಿಟ್ಟು, ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಸುಮಾರು ಮುನ್ನೂರು ಮೀಟರ್ ದೂರ ಹೋಗಿ ತಿರುಗಿ ನೋಡಿದೆ. ಹಸಿರು ಎಂಬುದು ನೀಲಿಗೆ ವಾಲಿತ್ತು. ಕೆಂಪು ಇತ್ತು, ಆದರೆ ಹುಡುಕಿದರೆ ಸಿಗುವಷ್ಟು. ಇನ್ನೂ ಮುಂದಕ್ಕೆ ಹುಟ್ಟು ಹಾಕಿ ದೋಣಿಯ ಮೂತಿಯನ್ನು ಅಡ್ಡ ಹಾಯುವಾಗ, ಕೆಂಪು ಆರಿ ಹಸಿರು ಹೊತ್ತಿಕೊಳ್ಳಬೇಕಾದ ಜಾಗದಲ್ಲಿ ಬಹಳ ಹೊತ್ತು ಎರಡೂ ಬಣ್ಣಗಳು ಒಟ್ಟಿಗೇ ಕಾಣುತ್ತಿದ್ದವು. ನನ್ನೆದುರಿಗೆ ಬರುವ ಹಡಗಿನವರು ಅದನ್ನು ನೋಡಿದ್ದರೆ ನಾನು ನೇರ ಅವರತ್ತಲೇ ಬರುತ್ತಿದ್ದೇನೆಂದು ತಿಳಿಯುತ್ತಿದ್ದರು.

ಕಾರಣವನ್ನು ಆಮೇಲೆ ಓದಿ ತಿಳಿದೆ. ಬಿಳಿ ಎಲ್ಇಡಿ ಎಂಬುದು ವಾಸ್ತವದಲ್ಲಿ ನೀಲಿ ಎಲ್ಇಡಿ. ಅದರ ಮೇಲೆ ಹಚ್ಚಿದ ಫಾಸ್ಫರ್ ಲೇಪ ಆ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ಆ ಬಿಳಿಯಲ್ಲಿ ಗಾಢ ಕೆಂಪಿನ ಪಾಲು ಬಹಳ ಕಡಿಮೆ. ಕೆಂಪು ಗಾಜು ಬಣ್ಣವನ್ನು ಹುಟ್ಟಿಸುವುದಿಲ್ಲ, ಇರುವುದರಲ್ಲಿ ಕೆಂಪನ್ನು ಮಾತ್ರ ಹೊರಗೆ ಬಿಡುತ್ತದೆ. ತಂತುವಿನ ಬೆಳಕಿನಲ್ಲಿ ಕೆಂಪು ಯಥೇಚ್ಛವಾಗಿತ್ತು, ಇದರಲ್ಲಿ ಇಲ್ಲ. ಎರಡನೆಯ ಕಾರಣ ಲಾಟೀನಿನ ರಚನೆಯದು. ಬೆಳಕನ್ನು ಒಂದು ಪಟ್ಟಿಯಾಗಿ ಕೂಡಿಸುವ ಅದರ ಗೀರುಗೀರಾದ ಫ್ರೆನೆಲ್ ಲೆನ್ಸನ್ನೂ ನಡುವಿನ ಅಡ್ಡಗೋಡೆಯನ್ನೂ ಒಂದೇ ನೆಟ್ಟಗಿನ ಸಣ್ಣ ತಂತುವನ್ನು ಲೆಕ್ಕಕ್ಕಿಟ್ಟುಕೊಂಡು ಮಾಡಿರುತ್ತಾರೆ. ಆ ತಂತುವಿನ ಜಾಗದಲ್ಲಿ ಹೆಬ್ಬೆರಳಿನ ದಪ್ಪದ ತೆನೆಯನ್ನು ನಿಲ್ಲಿಸಿದರೆ ಬೆಳಕು ಅಂಚುಗಳಲ್ಲಿ ಸೋರುತ್ತದೆ. ಮುಂದಿನ ದಿಕ್ಕಿನಲ್ಲಿ ಬದಿಯ ದೀಪ ತನ್ನ ಮೇರೆಯಾಚೆ 1ರಿಂದ 3 ಡಿಗ್ರಿಯೊಳಗೆ ಮರೆಯಾಗಬೇಕೆಂದು ನಿಯಮ ಹೇಳುತ್ತದೆ. ನನ್ನದು ಅದನ್ನು ಎಲ್ಲೋ ದಾಟಿಹೋಗಿತ್ತು. ಕೆಂಪು ಗಾಜಿನ ಹಿಂದೆ ಕೆಂಪು ಎಲ್ಇಡಿ, ಹಸಿರಿನ ಹಿಂದೆ ಹಸಿರು ಎಲ್ಇಡಿ ಹಾಕಿದರೆ ಬಣ್ಣ ಸರಿಹೋಗುತ್ತದೆ, ಅಂಚು ಸರಿಹೋಗುವುದಿಲ್ಲ. ಲಾಟೀನಿಗೆ ಸಿಕ್ಕ ಅನುಮೋದನೆ ಅದಕ್ಕೆಂದೇ ಹೇಳಿದ ಬಲ್ಬಿನೊಂದಿಗೆ ಮಾತ್ರ. ಆದ್ದರಿಂದ ಹೊರಗಿನ ದೀಪಗಳಲ್ಲಿ ಬಲ್ಬನ್ನು ಬದಲಿಸುವ ಯೋಚನೆಯನ್ನೇ ಕೈಬಿಟ್ಟು, ಎಲ್ಇಡಿಗಾಗಿಯೇ ರೂಪಿಸಿ, ಪರೀಕ್ಷಿಸಿ, ನೀರು ಹೋಗದಂತೆ ಮುಚ್ಚಿದ ಲಾಟೀನುಗಳನ್ನೇ ಇಡಿಯಾಗಿ ತರಿಸಿದೆ. ಖರ್ಚು ಹಲವು ಪಟ್ಟಾಯಿತು. ಮಾಡಿದ್ದು ಸರಿ ಎಂಬ ನನ್ನ ಅಭಿಪ್ರಾಯದಲ್ಲಿ ಯಾವ ಅನುಮಾನವೂ ಇಲ್ಲ.

ಕಂಬದ ತುದಿಯಲ್ಲಿ ಇನ್ನೊಂದು ತೊಡಕು ಕಾದಿತ್ತು. ಹೊಸ ಲಾಟೀನು ಬರುವವರೆಗೆ ಇರಲಿ ಎಂದು ಲಂಗರಿನ ದೀಪಕ್ಕೆ ಅಗ್ಗದ ಎಲ್ಇಡಿ ಬಲ್ಬೊಂದನ್ನು ಹಾಕಿದ್ದೆ. ಅದನ್ನು ಹೊತ್ತಿಸಿದಾಗಲೆಲ್ಲ, ಸುತ್ತಲಿನ ಹಡಗುಗಳು ರೇಡಿಯೊ ಮೂಲಕ ತಿಳಿಸುವ ತಮ್ಮ ಸ್ಥಾನವನ್ನು ತೋರಿಸುವ ಎಐಎಸ್ ಪರದೆಯಿಂದ ದೂರದ ಹಡಗುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಆರಿಸಿದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿದ್ದವು. ಡ್ರೈವರ್ ಕೆಲಸ ಮಾಡುವುದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಸೇರಿಸುವ ಮೂಲಕ, ಮತ್ತು ಅದನ್ನು ಸರಿಯಾಗಿ ಮರೆಮಾಡದಿದ್ದರೆ ಅದೇ ಒಂದು ಪುಟ್ಟ ಪ್ರಸಾರ ಕೇಂದ್ರವಾಗುತ್ತದೆ. ಸಮುದ್ರದ ವಿಎಚ್ಎಫ್ ರೇಡಿಯೊ 156ರಿಂದ 162 ಮೆಗಾಹರ್ಟ್ಸ್‌ನಲ್ಲಿ, ಎಐಎಸ್ 161.975 ಮತ್ತು 162.025ರಲ್ಲಿ ಕೇಳುತ್ತವೆ, ಹಾಯಿದೋಣಿಯಲ್ಲಿ ಆಂಟೆನಾ ನಿಂತಿರುವುದು ಆ ದೀಪದಿಂದ ಒಂದು ಗೇಣು ದೂರದಲ್ಲಿ. ಅಮೆರಿಕದ ಕರಾವಳಿ ಕಾವಲು ಪಡೆ 2018ರಲ್ಲಿ ಈ ಬಗ್ಗೆ ಸುರಕ್ಷತಾ ಎಚ್ಚರಿಕೆಯನ್ನೇ ಹೊರಡಿಸಿತು. ಅದರಲ್ಲಿ ಹೇಳಿದ ಪರೀಕ್ಷೆ ಯಾರೂ ಮಾಡಬಹುದಾದಷ್ಟು ಸರಳವಾಗಿದೆ: ದೀಪಗಳನ್ನು ಆರಿಸಿ, ರೇಡಿಯೊವನ್ನು ಯಾರೂ ಮಾತಾಡದ ಚಾನೆಲ್ಲಿಗೆ ತಿರುಗಿಸಿ, ಖಾಲಿ ಚಾನೆಲ್ಲಿನ ಮೊರೆತವನ್ನು ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಆ ಮೊರೆತ ಕೇಳುವವರೆಗೆ ಇಳಿಸಿ, ಆ ಮೊರೆತ ಆಗಷ್ಟೇ ನಿಲ್ಲುವ ಜಾಗಕ್ಕೆ ತಂದಿಟ್ಟು, ದೀಪ ಹೊತ್ತಿಸಬೇಕು. ಮೊರೆತ ಮರಳಿದರೆ ದೀಪವೇ ಅದರ ಮೂಲ. ನನ್ನ ರೇಡಿಯೊ ಸ್ವಿಚ್ ಒತ್ತಿದ ಕ್ಷಣವೇ ಭೋರ್ಗರೆಯಿತು. ತಂತಿಗೆ ಇಂಥ ಗದ್ದಲವನ್ನು ತಗ್ಗಿಸುವ ಫೆರೈಟ್ ಉಂಗುರಗಳನ್ನು ತೊಡಿಸಿ ನೋಡಿದೆ, ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ, ಬಲ್ಬನ್ನೇ ತೆಗೆದುಹಾಕಿದೆ. ಹೊಸ ಲಾಟೀನನ್ನು ಕಂಬಕ್ಕೇರಿಸುವ ಮೊದಲು ಡೆಕ್ಕಿನ ಮೇಲೇ, ಕೈಯಲ್ಲಿ ಹಿಡಿಯುವ ರೇಡಿಯೊದ ಪಕ್ಕದಲ್ಲಿಟ್ಟು ಇದೇ ಪರೀಕ್ಷೆ ಮಾಡಿ, ಮೌನವನ್ನು ಖಚಿತಪಡಿಸಿಕೊಂಡೆ.

ಕಂಬದ ಬುಡದ ಪ್ಲಗ್ಗನ್ನು ಬಿಚ್ಚಿದಾಗ ಅದರ ಐದು ಪಿನ್ನುಗಳಲ್ಲಿ ಮೂರಕ್ಕೆ ಕಿಲುಬು ಹಿಡಿದು, ಹಸಿರು ಪುಡಿ ಬೆರಳಿಗೆ ಅಂಟಿತು. ತಂತಿಯ ತುದಿಯನ್ನು ಹಿಂದಕ್ಕೆ ಕತ್ತರಿಸುತ್ತ ಹೋದಂತೆ ಒಂದು ಗೇಣಿನವರೆಗೂ ತಾಮ್ರ ಕಪ್ಪಾಗಿಯೇ ಇತ್ತು. ಎಲ್ಇಡಿ ಕಡಿಮೆ ಕರೆಂಟಿನಲ್ಲಿ ನಡೆಯುವುದರಿಂದ ಇಂಥ ತಂತಿಯ ಮೇಲೂ ಕೆಲವು ದಿನ ಉರಿಯುತ್ತದೆ, ದೋಷ ಮುಚ್ಚಿಹೋಗುತ್ತದೆ, ಆಮೇಲೆ ಒಂದು ದಿನ ತಂತಿ ಪೂರ್ತಿ ಕೈಕೊಡುತ್ತದೆ. ಆದ್ದರಿಂದ ಕಂಬದೊಳಗಿನ ಇಡೀ ತಂತಿಯನ್ನು ತವರದ ಲೇಪವಿರುವ ತಾಮ್ರದ್ದಾಗಿ ಬದಲಿಸಿದೆ. ಫ್ಯೂಸ್ ಕಾಯುವುದು ತಂತಿಯನ್ನೇ ಹೊರತು ಬಲ್ಬನ್ನಲ್ಲ, ಹೀಗಾಗಿ ಅದನ್ನು ಹೊಸ ತಂತಿಗೆ ತಕ್ಕಂತೆ ಹಾಕಿದೆ. ಪ್ಲಸ್ ಮೈನಸ್ ಅದಲುಬದಲಾದರೆ ಹಳೆಯ ಬಲ್ಬಿಗೆ ಏನೂ ಅನಿಸುತ್ತಿರಲಿಲ್ಲ, ಹೊಸದು ಉರಿಯುವುದೇ ಇಲ್ಲ. ಕಂಬ ಹತ್ತುವ ಮೊದಲೇ ಮೀಟರ್ ಹಿಡಿದು ತಂತಿಗಳಿಗೆ ಗುರುತು ಹಾಕಿಕೊಳ್ಳಬೇಕು.

ಮುಚ್ಚಿದ ಲಾಟೀನಿಗಿರುವ ಒಂದೇ ಕೊರತೆ, ಅದು ಕೆಟ್ಟರೆ ಸಮುದ್ರದ ಮಧ್ಯೆ ರಿಪೇರಿ ಮಾಡಲಾಗದು. ಹಳೆಯದರಲ್ಲಿ ಬಲ್ಬ್ ಬದಲಿಸಿದರೆ ಮುಗಿಯುತ್ತಿತ್ತು. ಮೂತಿಯ ಹಳೆಯ ಲಾಟೀನನ್ನು ಅದರ ಮೂಲ ಬಲ್ಬಿನೊಂದಿಗೆ ಮತ್ತೆ ಜೋಡಿಸಿ, ಎರಡು ಹೆಚ್ಚುವರಿ ಬಲ್ಬುಗಳನ್ನು ಬಟ್ಟೆಯಲ್ಲಿ ಸುತ್ತಿ, ಉದ್ದನೆಯ ತಂತಿಯ ಸಮೇತ ಮುಂದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಹೊರತೆಗೆದು ಬ್ಯಾಟರಿಗೆ ತಾಗಿಸಿ, ಎರಡೂ ಬಣ್ಣಗಳು ಹೊತ್ತುತ್ತವೆಯೇ ಎಂದು ನೋಡಿ ಮತ್ತೆ ಒಳಗಿಡುತ್ತೇನೆ.