ದೊಡ್ಡ ಮನೆಯ ಸೊಸೆ

2022ರ ಸೆಪ್ಟೆಂಬರ್ 19, ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಟೀಚರ್ ಆಗಲೇ ಚಹಾ ಮಾಡಿಟ್ಟು, ಕಪ್ಪು ಸ್ವೆಟರ್ ಹಾಕಿಕೊಂಡು ಕಾಯುತ್ತಿದ್ದರು. "ಒಬ್ಬಳೇ ಕೂತು ನೋಡೋಕೆ ಆಗಲ್ಲ, ನೀನೂ ಬಾ" ಅಂತ ಹಿಂದಿನ ದಿನವೇ ಕರೆದಿದ್ದರು. ಲಂಡನ್ನಿನಲ್ಲಿ ಹನ್ನೊಂದು ಗಂಟೆಗೆ ಎಲಿಜಬೆತ್ ರಾಣಿಯ ಅಂತ್ಯಕ್ರಿಯೆ. ನಮ್ಮ ನ್ಯೂಜೆರ್ಸಿಯಲ್ಲಿ ಆಗಿನ್ನೂ ಕತ್ತಲು.

ಟೀಚರ್‌ಗೆ ಆಗ ಎಪ್ಪತ್ತು. ಅಮೆರಿಕದವರೇ, ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವರು. ಹಿಂದಿನ ವರ್ಷ ನನ್ನನ್ನೂ ಮಗಳನ್ನೂ ಮ್ಯಾನ್‌ಹ್ಯಾಟನ್ನಿನ ಬೌಲಿಂಗ್ ಗ್ರೀನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. 1776ರ ಜುಲೈ 9ರಂದು ಸ್ವಾತಂತ್ರ್ಯ ಘೋಷಣೆ ಓದಿದ್ದನ್ನು ಕೇಳಿದ ಜನ, ಅಲ್ಲಿದ್ದ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಹಗ್ಗ ಕಟ್ಟಿ ಎಳೆದು ಕೆಡವಿದರು. ಆ ಸೀಸ ಕರಗಿಸಿ 42,088 ಗುಂಡುಗಳನ್ನು ಎರಕ ಹೊಯ್ದರು. ಕಬ್ಬಿಣದ ಬೇಲಿಯ ಕಂಬಗಳ ತುದಿಯನ್ನೂ ಕೊಯ್ದು ಹಾಕಿದರು. ಕೊಯ್ದ ಗುರುತು ಇವತ್ತಿಗೂ ಇದೆ. ಟೀಚರ್ ನನ್ನ ಮಗಳ ಕೈಯನ್ನು ಅದರ ಮೇಲೆ ಇಡಿಸಿ, "ನಮಗೆ ದೊರೆ ಬೇಡ ಅಂತ ಹಾಕಿದ ಸಹಿ ಇದು" ಅಂದಿದ್ದರು. ಎಷ್ಟು ಹೆಮ್ಮೆ ಇತ್ತು ಆ ಮಾತಿನಲ್ಲಿ!

ಅದೇ ಟೀಚರ್ ಸೋಮವಾರ ಬಿಕ್ಕಿ ಬಿಕ್ಕಿ ಅತ್ತರು. ಪೆಟ್ಟಿಗೆಯ ಮೇಲೆ ಕಿರೀಟ. ಅದರ ಹಿಂದೆ ಮರಿಮಕ್ಕಳು, ಜಾರ್ಜ್ ಮತ್ತು ಏಳು ವರ್ಷದ ಶಾರ್ಲೆಟ್. ನಾನೂ ಸುಮ್ನೆ ಅವರ ಭುಜ ಹಿಡಿದು ಕೂತೆ.

ಕ್ಯಾಮೆರಾ ಎರಡನೇ ಸಾಲಿಗೆ ಹೋಯಿತು. ಹೊಸ ದೊರೆ ಚಾರ್ಲ್ಸ್ ಹಿಂದೆ ಅವರ ಕಿರಿಯ ಮಗ ಹ್ಯಾರಿ. ಪಕ್ಕದಲ್ಲಿ ಹ್ಯಾರಿಯ ಹೆಂಡತಿ ಮೇಘನ್, ಗಂಡನ ಜೊತೆ ಆ ಮನೆ ಬಿಟ್ಟು ಬಂದವಳು, ತಲೆ ತಗ್ಗಿಸಿಕೊಂಡು. ಟೀಚರ್ ಕಣ್ಣೊರೆಸಿಕೊಂಡು ಹೇಳಿದರು: "ಅಂಥ ಮನೆಗೆ ಹೋದ ಮೇಲೆ ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು."

"ಅವಳು ನಿಮ್ಮ ದೇಶದ ಹುಡುಗಿ ಅಲ್ವಾ?" ಅಂದೆ.

"ಅದಕ್ಕೇ ನನಗೆ ಜಾಸ್ತಿ ಬೇಜಾರು."

ಅಷ್ಟೇ. ಮುಂದೆ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಕೆಲಸಕ್ಕೆ ಕೂತರೂ ಅದೇ ಮಾತು ಕಿವಿಯಲ್ಲಿ. ಹೊಂದಿಕೊಂಡು ಹೋಗಬೇಕಿತ್ತು.

ಈ ಮಾತನ್ನು ನಾನು ಕನ್ನಡದಲ್ಲಿ ಕೇಳಿದ್ದೇನೆ. ಮೈಸೂರಿನಲ್ಲಿ, ಮದುವೆಯಾಗಿ ಹೋದ ತುಂಬಿದ ಮನೆಯಲ್ಲಿ. "ದೊಡ್ಡ ಮನೆ ಸೇರಿದೀಯ, ಹೊಂದಿಕೊಂಡು ಹೋಗು" ಅಂತ ನನ್ನ ಸೋದರತ್ತೆ ಪ್ರತಿ ಸಲವೂ ಹೇಳುತ್ತಿದ್ದರು. ಅವರು ನನ್ನ ಕಡೆಯವರು. ಗಂಡಿನ ಕಡೆಯವರಲ್ಲ. ಹೆಣ್ಣು ಕೊಟ್ಟವರಿಗೆ ಯಾವಾಗಲೂ ಒಂದು ಅಳುಕು ಇರುತ್ತದೆ, ನಮ್ಮ ಹುಡುಗಿಯಿಂದ ನಮಗೆ ಮಾತು ಬರಬಾರದು ಅಂತ. ಟೀಚರ್ ದನಿಯಲ್ಲಿ ಇದ್ದದ್ದೂ ಅದೇ ಅಳುಕು. 1936ರಲ್ಲಿ ಎಂಟನೇ ಎಡ್ವರ್ಡ್ ದೊರೆ ಸಿಂಹಾಸನ ಬಿಟ್ಟದ್ದು ವಾಲಿಸ್ ಸಿಂಪ್ಸನ್‌ಗಾಗಿ. ಅವಳೂ ಅಮೆರಿಕದವಳೇ. "ಇವಳಾದರೂ ಆ ಮನೆಯಲ್ಲಿ ಚೆನ್ನಾಗಿ ಬಾಳಲಿ ಅಂತಿದ್ದೆ" ಎಂದು ಟೀಚರ್ ಹಿಂದೊಮ್ಮೆ ಹೇಳಿದ್ದು ಈಗ ಅರ್ಥವಾಯಿತು. 2018ರ ಮೇ 19ರಂದು ಮೇಘನ್ ಮದುವೆಗೆ ನಮ್ಮ ಬೀದಿಯ ಹೆಂಗಸರನ್ನೆಲ್ಲ ಬೆಳಗಿನ ತಿಂಡಿಗೆ ಕರೆದಿದ್ದರು. ಬೀಗರಂತೆ ಓಡಾಡಿದ್ದರು. ಆವತ್ತು ವಿಂಡ್ಸರ್ ಚರ್ಚಿನಲ್ಲಿ ಹುಡುಗಿಯ ತಾಯಿ ಒಬ್ಬರೇ ಕೂತಿದ್ದರು, ಅಕ್ಕಪಕ್ಕದಲ್ಲಿ ನಮ್ಮವರು ಅನ್ನೋರು ಯಾರೂ ಇಲ್ಲದೆ. ಆ ತಾಯಿಯ ಮುಖ ನನಗೆ ಮರೆತೇ ಇಲ್ಲ.

ಅಮೆರಿಕದವರಿಗೆ ದೊರೆಯ ಮೇಲೆ ಪ್ರೀತಿ ಅಂತ ನನಗೆ ಅನಿಸುವುದಿಲ್ಲ. ಪ್ರೀತಿ ಇರೋದು ಆ ಮನೆಯ ಮೇಲೆ. ಟೀಚರ್‌ಗೆ ಇಬ್ಬರು ಗಂಡುಮಕ್ಕಳು, ಒಬ್ಬ ಟೆಕ್ಸಾಸಿನಲ್ಲಿ, ಇನ್ನೊಬ್ಬ ಒರೆಗಾನ್‌ನಲ್ಲಿ. ಥ್ಯಾಂಕ್ಸ್‌ಗಿವಿಂಗ್‌ಗೆ ಒಬ್ಬ ಬಂದರೆ ಇನ್ನೊಬ್ಬ ಬರುವುದಿಲ್ಲ. ಚುನಾವಣೆಯ ಮಾತೆತ್ತಿದರೆ ಇಬ್ಬರಿಗೂ ಆಗಲ್ಲ. ಕಿರಿಯವನು ಸ್ವಲ್ಪ ಒರಟ, ಅಮ್ಮನಿಗೆ ತಿಂಗಳಿಗೊಂದು ಫೋನೂ ಮಾಡುವುದಿಲ್ಲ. ಈ ಒಂಟಿ ಮನೆಯಲ್ಲಿ ಕೂತು ಟೀಚರ್ ಆ ಅರಮನೆಯ ಬಾಲ್ಕನಿಯನ್ನು ನೋಡುತ್ತಿದ್ದರು. ಅಜ್ಜಿ, ಮಗ, ಮೊಮ್ಮಗ, ಮರಿಮಗು, ಎಲ್ಲರೂ ಒಟ್ಟಿಗೆ ನಿಂತಿರುತ್ತಿದ್ದರು. 1981ರಲ್ಲಿ ಚಾರ್ಲ್ಸ್ ಮತ್ತು ಡಯಾನಾ ಮದುವೆಯನ್ನು ಹಿರಿಯ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದ್ದರಂತೆ. ನಲವತ್ತು ವರ್ಷದಿಂದ ಆ ಮನೆಯ ಬಾಣಂತನ, ಮದುವೆ, ಸಾವು ಎಲ್ಲ ಇವರಿಗೆ ಬಾಯಿಪಾಠ. ಅವರ ಅಳುವಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ.

ಆದರೆ ಆ ಮನೆ ಚೆನ್ನಾಗಿ ಕಾಣಬೇಕು ಅಂದರೆ ಬಗ್ಗಬೇಕಾದವಳು ಮಾತ್ರ ಸೊಸೆ. ಇದು ನನಗೆ ಒಪ್ಪಿಗೆ ಇಲ್ಲ. 2021ರ ಮಾರ್ಚಿನಲ್ಲಿ ಟಿವಿ ಸಂದರ್ಶಕಿ ಓಪ್ರಾ ವಿನ್‌ಫ್ರೇ ಎದುರು ಕೂತು ಮೇಘನ್, ತನಗೆ ಬದುಕುವುದೇ ಬೇಡ ಅನಿಸಿತ್ತು ಅಂದಳು. ಸಹಾಯ ಕೇಳಿದರೆ, ಅದು ರಾಜಮನೆತನದ ಸಂಸ್ಥೆಗೆ ಒಳ್ಳೆಯದಲ್ಲ ಅಂದರು ಅಂತ ಹೇಳಿದಳು. ನಮ್ಮ ಕಡೆ ಅದಕ್ಕೆ ಮನೆ ಮರ್ಯಾದೆ ಅಂತಾರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತೀರಿಹೋದ ಡಯಾನಾಗೆ ಅನ್ಯಾಯ ಆಯಿತು ಅಂತ ಟೀಚರ್ ಇವತ್ತಿಗೂ ಹೇಳುತ್ತಾರೆ. ಬದುಕಿ, ಗಂಡ ಮತ್ತು ಮಗುವಿನ ಜೊತೆ ಹೊರಗೆ ಬಂದವಳಿಗೆ ಮಾತ್ರ ಹೊಂದಿಕೊಳ್ಳಬೇಕಿತ್ತು ಅನ್ನುತ್ತಾರೆ. ಯಾಕೆ ಹೀಗೆ?

ಬುಧವಾರ ಸಂಜೆ ಟೀಚರ್ ನನ್ನ ಡಬ್ಬಿ ವಾಪಸ್ ಕೊಡಲು ಬಂದರು. ತಡೆಯಲು ಆಗಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿಕೊಂಡು ಮೈಸೂರಿನ ಆ ಮೂರು ವರ್ಷದ ಕತೆ ಹೇಳಿದೆ. ಊಟ ಬಿಟ್ಟದ್ದು, ರಾತ್ರಿ ಹಿತ್ತಲಿನಲ್ಲಿ ಒಬ್ಬಳೇ ನಿಂತು ಅತ್ತದ್ದು, ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದ ದಿನ ಉಸಿರು ಬಂದದ್ದು. ಒಂಬತ್ತು ವರ್ಷದಲ್ಲಿ ಅವರಿಗೆ ಇದನ್ನು ಹೇಳಿಯೇ ಇರಲಿಲ್ಲ. ಮೇಘನ್ ಹೆಸರನ್ನು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ತುಂಬಾ ಹೊತ್ತು ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಆಗ ನಿನ್ನ ಅಮ್ಮ ಏನಂದ್ರು?" ಅಂತ ಕೇಳಿದರು.

ಅಮ್ಮನೂ ಅದನ್ನೇ ಹೇಳಿದ್ದಳು ಅಂದೆ.